ಕೋಲು ಅರ್ಧ, ಗಾಡಿ ಅರ್ಧ: ಪಿಕಪ್ ಟ್ರಕ್ಕಿಗೆ ಸಿಬಿ ರೇಡಿಯೊ ಆಂಟೆನಾ

ಗೆಳೆಯನೊಬ್ಬ ಹೊಸ ಸಿಬಿ ರೇಡಿಯೊ ಕೊಂಡು, ತನ್ನ ಫೋರ್ಡ್ ಎಫ್-150 ಪಿಕಪ್ ಓಡಿಸಿಕೊಂಡು ನಮ್ಮ ಮನೆಗೆ ಬಂದ. ಜೊತೆಗೆ ಅಯಸ್ಕಾಂತದ ಬುಡವಿರುವ ಆಂಟೆನಾ. ಚಾವಣಿಯ ಮೇಲೆ ಇಟ್ಟ, ಅದು ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಅಯಸ್ಕಾಂತ ಕೆಟ್ಟಿದೆಯೇನೋ ಎಂದು ನಮ್ಮ ಹಳೆಯ ಫ್ರಿಜ್ಜಿಗೆ ಹಚ್ಚಿ ನೋಡಿದರೆ, ಕಿತ್ತು ತೆಗೆಯಲು ಇಬ್ಬರು ಬೇಕಾದರು. ಅಯಸ್ಕಾಂತದಲ್ಲಿ ಏನೂ ತಪ್ಪಿರಲಿಲ್ಲ. 2015ರ ಮಾದರಿಯಿಂದ ಎಫ್-150ರ ಮೈಯೆಲ್ಲ ಅಲ್ಯೂಮಿನಿಯಂ. ಕೆಳಗಿನ ಚಾಸಿ ಮಾತ್ರ ಉಕ್ಕು.

ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಮುಖ್ಯ ಅನ್ನಿಸಿತು: "ಅಯಸ್ಕಾಂತವೇ ಹಿಡಿಯದ ಮೇಲೆ ಈ ಗಾಡಿಗೆ ಆಂಟೆನಾ ಕೆಲಸ ಮಾಡುತ್ತಾ?" ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆಂಟೆನಾಕ್ಕೆ ಬೇಕಾದದ್ದು ಕಬ್ಬಿಣವಲ್ಲ, ವಿದ್ಯುತ್ ಹರಿಯುವ ದೊಡ್ಡ ಲೋಹದ ಹಾಳೆ. ಅಲ್ಯೂಮಿನಿಯಂ ಉಕ್ಕಿಗಿಂತ ಒಳ್ಳೆಯ ವಾಹಕ. ಈ ಒಂದು ವಿಷಯ ತಲೆಗೆ ಹೋದರೆ ಸಿಬಿ ಆಂಟೆನಾ ಕೂರಿಸುವ ಕೆಲಸದ ಮುಕ್ಕಾಲು ಭಾಗ ಅರ್ಥವಾದಂತೆ. ನಾವು ಅಂಗಡಿಯಿಂದ ತರುವ ಆ ಉದ್ದನೆಯ ಕೋಲು ಆಂಟೆನಾದ ಅರ್ಧ ಮಾತ್ರ. ಉಳಿದರ್ಧ ನಮ್ಮ ಗಾಡಿಯೇ.

ಮೊದಲಿಗೆ, ಸಿಬಿ ಅಂದರೆ ಏನು

ಸಿಟಿಜನ್ಸ್ ಬ್ಯಾಂಡ್ ಎನ್ನುವುದು ಅಮೆರಿಕದಲ್ಲಿ ಯಾರು ಬೇಕಾದರೂ ಪರವಾನಗಿ ಇಲ್ಲದೆ ಬಳಸಬಹುದಾದ ಎರಡು-ದಾರಿ ರೇಡಿಯೊ. ಇಂದಿನ ರೂಪದ ಸೇವೆ 27 ಮೆಗಾಹರ್ಟ್ಸ್ ಸುತ್ತ 1958ರಲ್ಲಿ ಶುರುವಾಯಿತು. ಆಗ 23 ಚಾನೆಲ್. 1973ರ ತೈಲ ಬಿಕ್ಕಟ್ಟು ಬಂದು, ಅದರ ಹಿಂದೆಯೇ ಗಂಟೆಗೆ 55 ಮೈಲಿಯ ವೇಗಮಿತಿಯೂ ಬಂದಾಗ, ಎಲ್ಲಿ ಡೀಸೆಲ್ ಸಿಗುತ್ತದೆ, ಎಲ್ಲಿ ಪೊಲೀಸರು ನಿಂತಿದ್ದಾರೆ ಎಂದು ಲಾರಿ ಚಾಲಕರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಇದನ್ನು ಹಿಡಿದರು. ಅಲ್ಲಿಂದ ಅದು ಮನೆಮನೆಗೂ ಹೋಯಿತು. ದಟ್ಟಣೆ ತಾಳಲಾರದೆ 1977ರಿಂದ ಚಾನೆಲ್‌ಗಳನ್ನು 40ಕ್ಕೆ ಏರಿಸಿದರು. 9ನೇ ಚಾನೆಲ್ ತುರ್ತು ಕರೆಗೆ ಮೀಸಲು. 19ನೇ ಚಾನೆಲ್ ಹೆದ್ದಾರಿಯ ಹರಟೆಕಟ್ಟೆ.

ಈಗ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ನಾನೂ ಅಂದುಕೊಂಡಿದ್ದೆ. ನಾವಿರುವುದು ನಾರ್ತ್ ಕ್ಯಾರೊಲೈನದಲ್ಲಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ರಾಜ್ಯದ ಪಶ್ಚಿಮದ ಬೆಟ್ಟಗಳನ್ನು ಹೊಡೆದಾಗ ಐ-40 ಹೆದ್ದಾರಿಯ ಒಂದು ಪಾರ್ಶ್ವವೇ ಪಿಜನ್ ನದಿಗೆ ಕೊಚ್ಚಿಹೋಯಿತು. ಊರೂರುಗಳಲ್ಲಿ ದಿನಗಟ್ಟಲೆ ಮೊಬೈಲ್ ಸತ್ತಿತ್ತು. ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ, ನಡುವೆ ಯಾವ ಟವರ್ ಇಲ್ಲದೆ ಮಾತು ದಾಟಿಸುವ ಸಾಧನದ ಬೆಲೆ ಅಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಆದರೆ ಸಿಬಿಗೆ ಕಾನೂನು ಕೊಟ್ಟಿರುವ ಶಕ್ತಿ ಎಎಮ್‌ನಲ್ಲಿ 4 ವ್ಯಾಟ್ ಮಾತ್ರ. ರಾತ್ರಿ ದೀಪದ ಬಲ್ಬಿನಷ್ಟು. ಅದನ್ನು ಹೆಚ್ಚಿಸುವ ಆಂಪ್ಲಿಫೈಯರ್ ಹಾಕುವುದು ಕಾನೂನುಬಾಹಿರ. ಹಾಗಾಗಿ ಇನ್ನೂರು ಡಾಲರಿನ ರೇಡಿಯೊ ಆಗಲಿ, ನಲವತ್ತು ಡಾಲರಿನದಾಗಲಿ, ಹೊರಗೆ ಹೋಗುವುದು ಹೆಚ್ಚುಕಡಿಮೆ ಅಷ್ಟೇ. ಮಾತು ಒಂದು ಮೈಲಿ ಹೋಗುತ್ತದೋ ಎಂಟು ಮೈಲಿ ಹೋಗುತ್ತದೋ ಎಂಬುದನ್ನು ತೀರ್ಮಾನಿಸುವುದು ಆಂಟೆನಾ. ದುಡ್ಡು, ಸಮಯ, ತಾಳ್ಮೆ ಮೂರನ್ನೂ ಅಲ್ಲಿ ಹಾಕಿ.

ಉದ್ದದ ಲೆಕ್ಕ

19ನೇ ಚಾನೆಲ್ ಇರುವುದು 27.185 ಮೆಗಾಹರ್ಟ್ಸ್‌ನಲ್ಲಿ. 300ನ್ನು ಇದರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ: ಸುಮಾರು 11 ಮೀಟರ್. ಗಾಡಿಯ ಮೇಲಿನ ಆಂಟೆನಾ ಇದರ ಕಾಲುಭಾಗ ಇದ್ದರೆ ಸಹಜವಾಗಿ ಅನುರಣಿಸುತ್ತದೆ. ಅಂದರೆ 2.75 ಮೀಟರ್, ಸುಮಾರು 9 ಅಡಿ. ಹಳೆಯ ಸಿನಿಮಾಗಳಲ್ಲಿ ಗಾಡಿಯ ಹಿಂದೆ ಬಾಗಿಕೊಂಡು ಓಲಾಡುವ ಉಕ್ಕಿನ ಚಾಟಿ ಇದೆಯಲ್ಲ, ಅದು ಇದೇ. ಅದರ ಉದ್ದ 102 ಇಂಚು, ಬುಡಕ್ಕೆ ಆರಿಂಚಿನ ಸ್ಪ್ರಿಂಗ್ ಸೇರಿ 108.

ಕಾಲಲೆಯ ಆಂಟೆನಾಕ್ಕೆ ಇನ್ನೊಂದು ಅರ್ಧ ಬೇಕೇ ಬೇಕು. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ. ಕೋಲಿನ ತುದಿಯ ಕಡೆಗೆ ವಿದ್ಯುತ್ ಹರಿಯಬೇಕಾದರೆ, ಅದೇ ಗಳಿಗೆಯಲ್ಲಿ ಅಷ್ಟೇ ವಿದ್ಯುತ್ ಬುಡದಿಂದ ಇನ್ನೊಂದು ಕಡೆಗೂ ಹರಿಯಬೇಕು. ಆ ಇನ್ನೊಂದು ಕಡೆಯೇ ಗಾಡಿಯ ಮೈ. ಇದಕ್ಕೆ ಗ್ರೌಂಡ್ ಪ್ಲೇನ್ ಎನ್ನುತ್ತಾರೆ. ಹೆಸರಲ್ಲಿ ಗ್ರೌಂಡ್ ಇದ್ದರೂ ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ. ಗಾಡಿ ರಬ್ಬರ್ ಟೈರಿನ ಮೇಲೆ ನಿಂತಿದೆಯಲ್ಲ ಎಂದು ಚಿಂತೆ ಮಾಡಬೇಕಾಗಿಲ್ಲ.

ಒಂಬತ್ತಡಿಯ ಕೋಲು ಹೊತ್ತುಕೊಂಡು ದಿನಾ ಓಡಾಡುವುದು ಕಷ್ಟ. ನೆಲದಿಂದ ನಾಲ್ಕೂವರೆ ಅಡಿ ಎತ್ತರದ ಬೆಡ್ಡಿನ (ಪಿಕಪ್‌ನ ಹಿಂದಿನ ಸಾಮಾನು ತೊಟ್ಟಿಯ) ಅಂಚಿಗೆ ಅದನ್ನು ನಿಲ್ಲಿಸಿದರೆ ತುದಿ ಹದಿಮೂರು ಅಡಿ ದಾಟುತ್ತದೆ. ಪೆಟ್ರೋಲ್ ಬಂಕಿನ ಮಾಡಿಗೂ ರಸ್ತೆ ಬದಿಯ ಮರಗಳಿಗೂ ತಾಗುತ್ತದೆ. ತಗ್ಗಾಗಿ ಜೋತುಬಿದ್ದ ವಿದ್ಯುತ್ ತಂತಿ ಇರುವ ಕಡೆ ಇದು ಜೀವಕ್ಕೇ ಅಪಾಯ. ಅದಕ್ಕೇ ತಯಾರಕರು ಕೋಲನ್ನು ಮೂರು, ನಾಲ್ಕು, ಐದು ಅಡಿಗೆ ಇಳಿಸಿ, ಕಡಿಮೆಯಾದ ಉದ್ದವನ್ನು ತಂತಿ ಸುರುಳಿಯಿಂದ ತುಂಬಿಕೊಡುತ್ತಾರೆ. ಸುರುಳಿ ಬುಡದಲ್ಲಿ ಇರಬಹುದು, ನಡುವೆ ಇರಬಹುದು, ಫೈಬರ್‌ಗ್ಲಾಸ್ ಕೋಲುಗಳಲ್ಲಿ ಬಹುಮಟ್ಟಿಗೆ ಮೇಲ್ಭಾಗದಲ್ಲಿ ಇರುತ್ತದೆ. ಇದಕ್ಕೆ ತೆರುವ ಬೆಲೆ ಎರಡು: ದಕ್ಷತೆ ಇಳಿಯುತ್ತದೆ, ಮತ್ತು ಶ್ರುತಿ, ಅಂದರೆ ಕೋಲನ್ನು ಚಾನೆಲ್ಲಿಗೆ ಹೊಂದಿಸುವ ಕೆಲಸ, ಸೂಕ್ಷ್ಮವಾಗುತ್ತದೆ. ಉದ್ದನೆಯ ಚಾಟಿ ನಲವತ್ತು ಚಾನೆಲ್ಲಿಗೂ ಸಲೀಸಾಗಿ ಹೊಂದಿದರೆ, ಮೂರಡಿಯ ಕೋಲು ನಡುವಿನ ಚಾನೆಲ್‌ಗಳಲ್ಲಿ ಚೆನ್ನಾಗಿದ್ದು ಎರಡು ತುದಿಗಳಲ್ಲಿ ಮುನಿಸಿಕೊಳ್ಳುತ್ತದೆ. ಪಿಕಪ್‌ಗೆ ನನ್ನ ಆಯ್ಕೆ ನಾಲ್ಕಡಿಯ ಫೈಬರ್‌ಗ್ಲಾಸ್ ಕೋಲು, ತುದಿಯಲ್ಲಿ ತಿರುಗಿಸಿ ಶ್ರುತಿ ಮಾಡುವ ತಿರುಪು ಇರುವಂಥದ್ದು. ನಾಲ್ಕಕ್ಕಿಂತ ಕಡಿಮೆ ಬೇಡ.

ಜಾಗ ಯಾವುದು

ಚಾವಣಿಯ ನಟ್ಟನಡುವೆ ಎಲ್ಲಕ್ಕಿಂತ ಒಳ್ಳೆಯದು. ಸುತ್ತಲೂ ಸಮನಾಗಿ ಲೋಹ ಇರುವುದರಿಂದ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಉಕ್ಕಿನ ಚಾವಣಿ ಇದ್ದರೆ ಅಯಸ್ಕಾಂತದ ಬುಡ ಸಾಕು. ಬಣ್ಣದ ತೆಳುಪದರ ನಡುವೆ ಇದ್ದರೂ ಅಯಸ್ಕಾಂತದ ತಟ್ಟೆ ಮತ್ತು ಚಾವಣಿ ಸೇರಿ ಒಂದು ಕೆಪಾಸಿಟರಿನಂತೆ ವರ್ತಿಸಿ ಸಂಪರ್ಕ ಕೊಡುತ್ತವೆ. ತಟ್ಟೆ ಅಗಲ ಇದ್ದಷ್ಟೂ ಒಳ್ಳೆಯದು. ತೂತು ಕೊರೆದು ಶಾಶ್ವತವಾಗಿ ಕೂರಿಸುವವರು ಮೊದಲು ಪಕ್ಕದ ಏರ್‌ಬ್ಯಾಗುಗಳು ಎಲ್ಲಿ ಹಾದುಹೋಗಿವೆ ನೋಡಿಕೊಳ್ಳಬೇಕು. ಚಾವಣಿಯ ಅಂಚಿನ ಒಳಹೊದಿಕೆಯ ಹಿಂದೆಯೇ ಅವು ಮಡಚಿಕೊಂಡು ಕೂತಿರುತ್ತವೆ.

ಪಿಕಪ್‌ನಲ್ಲಿ ಜನ ಹೆಚ್ಚಾಗಿ ಆರಿಸುವುದು ಎರಡು ಜಾಗ. ಒಂದು, ಬಾನೆಟ್ ಮತ್ತು ಮುಂದಿನ ಫೆಂಡರ್ ಸೇರುವ ಸಂದಿಗೆ ಕೂರಿಸುವ ಬಾಗಿದ ಬ್ರ್ಯಾಕೆಟ್. ಇನ್ನೊಂದು, ಬೆಡ್ಡಿನ ಅಂಚಿನ ಮೇಲೆ, ಗೂಟ ನಿಲ್ಲಿಸಲೆಂದೇ ಇರುವ ಚೌಕ ತೂತುಗಳಲ್ಲಿ ಅಥವಾ ಅಡ್ಡಲಾಗಿ ಕೂರಿಸಿದ ಸಾಮಾನು ಪೆಟ್ಟಿಗೆಯ ಮೇಲೆ. ಎರಡರಲ್ಲೂ ಕೋಲು ಒಂದು ಮೂಲೆಯಲ್ಲಿ ಇರುವುದರಿಂದ ಹರಡುವಿಕೆ ಓರೆಯಾಗುತ್ತದೆ. ಲೋಹ ಯಾವ ಕಡೆ ಹೆಚ್ಚಿದೆಯೋ ಆ ಕಡೆಗೆ ಜೋರು. ಹಿಂದಿನ ಎಡಮೂಲೆಯಲ್ಲಿ ಇಟ್ಟರೆ ಮುಂದಿನ ಬಲಕ್ಕೆ ಹೆಚ್ಚು ದೂರ ಹೋಗುತ್ತದೆ. ಇದು ದೋಷವಲ್ಲ, ಗೊತ್ತಿದ್ದರೆ ಸಾಕು.

ಜಾಗ ಯಾವುದೇ ಇರಲಿ, ಕೋಲಿನ ಮೇಲಿನ ಅರ್ಧಕ್ಕಿಂತ ಹೆಚ್ಚು ಭಾಗ ಚಾವಣಿಗಿಂತ ಎತ್ತರದಲ್ಲಿ ಇರಬೇಕು. ಸುರುಳಿಯ ಭಾಗವಂತೂ ಕ್ಯಾಬಿನ ಹಿಂಗೋಡೆಗೆ ಒತ್ತಿಕೊಂಡು ನಿಲ್ಲಲೇಬಾರದು. ನಿಂತರೆ ಶ್ರುತಿಯೂ ಕೆಡುತ್ತದೆ, ಶಕ್ತಿಯೂ ಆ ಗೋಡೆಯಲ್ಲೇ ಕರಗುತ್ತದೆ. ದೊಡ್ಡ ಲಾರಿಗಳನ್ನು ನೋಡಿ ಎರಡು ಕನ್ನಡಿಗೂ ಒಂದೊಂದು ಕೋಲು ಕೂರಿಸುವ ಆಸೆ ಹಲವರಿಗೆ. ಜೋಡಿ ಆಂಟೆನಾಕ್ಕೆ ನಡುವೆ ಎಂಟೊಂಬತ್ತು ಅಡಿ ಅಂತರ ಬೇಕು. ಪಿಕಪ್‌ನ ಅಗಲ ಆರೂವರೆ ಅಡಿ ಚಿಲ್ಲರೆ. ಒಂದು ಕೋಲನ್ನೇ ಚೆನ್ನಾಗಿ ಕೂರಿಸಿ.

ಗಾಡಿಯ ಮೈಯೇ ಲೋಹವಲ್ಲದಿದ್ದರೆ? ಟೊಯೊಟಾ ಟಕೋಮಾ ಇದಕ್ಕೆ ಒಳ್ಳೆಯ ಉದಾಹರಣೆ. 2005ರ ಮಾದರಿಯಿಂದ ಅದರ ಬೆಡ್ಡಿನ ಒಳಮೈ ಸಂಯೋಜಿತ ಪ್ಲಾಸ್ಟಿಕ್. ಅಲ್ಲಿ ಬ್ರ್ಯಾಕೆಟ್ ಬಿಗಿದರೆ ಎಷ್ಟು ಗಟ್ಟಿಯಾಗಿ ಕೂತರೂ ವಿದ್ಯುತ್ತಿನ ಲೆಕ್ಕದಲ್ಲಿ ಅದು ಗಾಳಿಯಲ್ಲಿ ತೇಲುತ್ತಿರುತ್ತದೆ. ಆ ಗಾಡಿಯವರು ಫೆಂಡರಿನ ಜಾಗ ಹಿಡಿಯುವುದು ಒಳ್ಳೆಯದು. ಗ್ರೌಂಡ್ ಪ್ಲೇನ್ ಬೇಡದ ಆಂಟೆನಾ ಎಂದು ದೋಣಿಗಳಿಗೂ ಫೈಬರ್ ಮನೆಗಾಡಿಗಳಿಗೂ ಬೇರೆಯೇ ಕಿಟ್ ಮಾರುತ್ತಾರೆ. ಅದರ ಕೇಬಲ್, ಕೋಲು, ಬುಡ ಮೂರೂ ಒಂದಕ್ಕೊಂದು ಹೊಂದಿಸಿದ ಜೋಡಣೆ. ಅದರ ಕೇಬಲ್ಲಿಗೆ ಮಾಮೂಲಿ ಕೋಲು, ಮಾಮೂಲಿ ಕೇಬಲ್ಲಿಗೆ ಅದರ ಕೋಲು ಹಾಕಿದರೆ ಎರಡೂ ಕೆಲಸ ಮಾಡುವುದಿಲ್ಲ.

ಎಲ್ಲ ಜಗಳವೂ ಬುಡದಲ್ಲೇ

ನನ್ನ ಅನುಭವದಲ್ಲಿ ಸಿಬಿ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ರೇಡಿಯೊ ಕೆಟ್ಟದ್ದು ಅಪರೂಪ, ಕೋಲು ಕೆಟ್ಟದ್ದು ಇನ್ನೂ ಅಪರೂಪ. ಕೆಡುವುದು ಬ್ರ್ಯಾಕೆಟ್ಟಿನ ಆ ಎರಡಿಂಚಿನ ಜಾಗ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಬ್ರ್ಯಾಕೆಟ್ಟಿನ ಅರ್ಧ ಇಂಚಿನ ತೂತಿನಲ್ಲಿ ಒಂದು ಸ್ಟಡ್, ಅಂದರೆ ತಿರುಪಿನ ಗೂಟ, ಕೂರುತ್ತದೆ. ಅದರ ಮೇಲೆ ಕೋಲು, ಕೆಳಗೆ ಕೇಬಲ್. ಕೇಬಲ್ಲಿನ ನಡುತಂತಿ ಸ್ಟಡ್ಡಿನ ಮೂಲಕ ಕೋಲಿಗೆ ಹೋಗಬೇಕು. ಕೇಬಲ್ಲಿನ ಹೊರಜಾಲರಿ ಬ್ರ್ಯಾಕೆಟ್ಟಿಗೆ, ಬ್ರ್ಯಾಕೆಟ್ಟಿನಿಂದ ಗಾಡಿಯ ಮೈಗೆ ಹೋಗಬೇಕು. ಇವೆರಡೂ ಎಲ್ಲೂ ಒಂದಕ್ಕೊಂದು ತಾಗಬಾರದು. ತಾಗದಂತೆ ನೋಡಿಕೊಳ್ಳುವುದು ಒಂದು ಪುಟ್ಟ ನೈಲಾನ್ ವಾಷರ್. ಅದರ ನಡುವೆ ಒಂದು ಏಣು ಇರುತ್ತದೆ, ಆ ಏಣು ತೂತಿನೊಳಗೆ ಇಳಿದು ಕೂರಬೇಕು. ಅವಸರದಲ್ಲಿ ಅದು ಓರೆಯಾಗಿ ಕೂತರೆ, ಅಥವಾ ನಟ್ಟನ್ನು ಅತಿಯಾಗಿ ಬಿಗಿದು ಅದು ಸೀಳಿದರೆ, ಸ್ಟಡ್ಡು ಬ್ರ್ಯಾಕೆಟ್ಟಿಗೆ ತಾಗಿ ನೇರ ಶಾರ್ಟ್. ನಾನು ಕೂರಿಸಿದ ಮೊದಲ ಆಂಟೆನಾದಲ್ಲಿ ಈ ವಾಷರನ್ನು ತಲೆಕೆಳಗಾಗಿ ಹಾಕಿ ಒಂದು ಇಡೀ ಶನಿವಾರ ಕೋಲನ್ನೇ ಅನುಮಾನಿಸುತ್ತ ಕೂತಿದ್ದೆ.

ಎರಡನೆಯದು ಬಣ್ಣ. ಬ್ರ್ಯಾಕೆಟ್ಟಿನ ಮೇಲೆ ಪುಡಿಲೇಪನ, ಗಾಡಿಯ ಮೇಲೆ ಬಣ್ಣ, ಚಾಸಿಯ ಮೇಲೆ ತುಕ್ಕು ತಡೆಯುವ ಲೇಪನ. ಇವೆಲ್ಲ ವಿದ್ಯುತ್ತಿಗೆ ಗೋಡೆ. ಬೋಲ್ಟಿನ ತಲೆ ಕೂರುವಷ್ಟು ಜಾಗದಲ್ಲಿ ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ನಕ್ಷತ್ರದಂಥ ಹಲ್ಲಿರುವ ವಾಷರ್ ಹಾಕಿ ಬಿಗಿಯಬೇಕು. ಹೊಸ ಗಾಡಿಯ ಬಣ್ಣ ಉಜ್ಜಲು ಕೈ ಬರುವುದಿಲ್ಲ, ಗೊತ್ತು. ಆದರೆ ಉಜ್ಜದೆ ದಾರಿಯಿಲ್ಲ. ಆಮೇಲೆ ಅಂಚಿಗೆ ಟಚ್‌ಅಪ್ ಬಣ್ಣ ಬಳಿದರೆ ತುಕ್ಕು ಹತ್ತುವುದಿಲ್ಲ.

ಮೂರನೆಯದು ಗಾಡಿಯ ಭಾಗಗಳ ನಡುವಿನ ನಂಟು. ಕಾರಿನಂತೆ ಪಿಕಪ್‌ನ ಮೈ ಒಂದೇ ತುಂಡಲ್ಲ. ಕ್ಯಾಬು ರಬ್ಬರ್ ಬುಷ್‌ಗಳ ಮೇಲೆ ಚಾಸಿಯ ಮೇಲೆ ಕೂತಿದೆ. ಬೆಡ್ಡು ಬೇರೆ ಬೋಲ್ಟುಗಳಲ್ಲಿ ಚಾಸಿಗೆ ಬಿಗಿದಿದೆ. ಬಾನೆಟ್ಟು ಕೀಲುಗಳ ಗ್ರೀಸಿನ ಮೇಲೆ ನೇತಾಡುತ್ತಿದೆ. ಕಣ್ಣಿಗೆ ಒಂದೇ ಗಾಡಿಯಂತೆ ಕಂಡರೂ ರೇಡಿಯೊ ಅಲೆಗೆ ಇವು ಬೇರೆ ಬೇರೆ ದ್ವೀಪಗಳು. ಬೆಡ್ಡಿನಿಂದ ಚಾಸಿಗೆ, ಬೆಡ್ಡಿನಿಂದ ಕ್ಯಾಬಿಗೆ, ಬಾನೆಟ್ಟಿನಿಂದ ಮೈಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿಗಳನ್ನು ಬಿಗಿದರೆ ಈ ದ್ವೀಪಗಳು ಸೇರುತ್ತವೆ. ತೆಳು ತಂತಿ ಸಾಲದು. ರೇಡಿಯೊ ತರಂಗದ ವಿದ್ಯುತ್ ಲೋಹದ ಮೇಲ್ಮೈಯಲ್ಲೇ ಹರಿಯುತ್ತದೆ, ಹಾಗಾಗಿ ಅಗಲ ಮತ್ತು ಗಿಡ್ಡ ಎರಡೂ ಮುಖ್ಯ. ಅಲ್ಯೂಮಿನಿಯಂ ಮೈಯಿದ್ದರೆ ಬರೀ ತಾಮ್ರವನ್ನು ನೇರವಾಗಿ ತಾಗಿಸಬೇಡಿ. ಎರಡು ಲೋಹಗಳ ನಡುವೆ ಮಳೆನೀರು ಬಿದ್ದರೆ ಅದೊಂದು ಪುಟ್ಟ ಬ್ಯಾಟರಿಯಾಗಿ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ತವರ ಲೇಪಿಸಿದ ಪಟ್ಟಿ ತಂದು, ವಿದ್ಯುತ್ ಕೆಲಸದವರು ಅಲ್ಯೂಮಿನಿಯಂ ಜೋಡಣೆಗೆ ಹಚ್ಚುವ ಆಕ್ಸಿಡೀಕರಣ ತಡೆಯುವ ಪೇಸ್ಟ್ ಹಚ್ಚಿ ಬಿಗಿಯಿರಿ.

ಕೇಬಲ್ ಮತ್ತು 18 ಅಡಿಯ ಮಾತು

ಕೇಬಲ್ 50 ಓಮಿನದಾಗಿರಬೇಕು. ಆರ್‌ಜಿ-58 ಸಾಕು, ಸ್ವಲ್ಪ ದಪ್ಪನೆಯ ಆರ್‌ಜಿ-8ಎಕ್ಸ್ ಇನ್ನೂ ಒಳ್ಳೆಯದು. ಟಿವಿ ಕೇಬಲ್ 75 ಓಮಿನದು, ಮನೆಯಲ್ಲಿ ಸುರುಳಿಗಟ್ಟಲೆ ಬಿದ್ದಿದ್ದರೂ ಇಲ್ಲಿಗೆ ತರಬೇಡಿ. ಬಾಗಿಲ ಸಂದಿಯಲ್ಲಿ ಹಾಯಿಸಿದರೆ ಪ್ರತಿ ಸಲ ಬಾಗಿಲು ಹಾಕಿದಾಗಲೂ ಜಜ್ಜಿ, ಒಂದು ದಿನ ಒಳಗಿನ ಜಾಲರಿ ನಡುತಂತಿಗೆ ತಾಗುತ್ತದೆ. ಎಂಜಿನ್ ಕಡೆಯ ಗೋಡೆಯಲ್ಲಿರುವ ರಬ್ಬರ್ ಗ್ರೋಮೆಟ್ (ತಂತಿ ಹಾಯುವ ತೂತಿನ ರಬ್ಬರ್ ಬಳೆ) ಮೂಲಕವೋ ಕ್ಯಾಬಿನ ನೆಲದ ಗ್ರೋಮೆಟ್ ಮೂಲಕವೋ ತರುವುದು ಸರಿ. ಒಳಬರುವ ಮೊದಲು ಕೇಬಲ್ ಒಂದು ಸಲ ಕೆಳಗೆ ಜೋತು ಮೇಲೇರುವಂತೆ ಬಿಡಿ. ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಕೇಬಲ್ 18 ಅಡಿಯೇ ಇರಬೇಕು ಎಂಬ ಮಾತು ಅಂಗಡಿಯಲ್ಲೂ ಲಾರಿ ನಿಲ್ದಾಣದಲ್ಲೂ ಕೇಳಿಬರುತ್ತದೆ. 18 ಅಡಿ ಅಂದರೆ ಗಾಳಿಯಲ್ಲಿ ಅರ್ಧ ಅಲೆಯ ಉದ್ದ ಎಂಬುದು ಅದರ ಬೇರು. ಆದರೆ ಕೇಬಲ್ಲಿನೊಳಗೆ ಅಲೆ ನಿಧಾನವಾಗಿ ಸಾಗುತ್ತದೆ. ಮಾಮೂಲಿ ಆರ್‌ಜಿ-58ರಲ್ಲಿ ವೇಗ ಬೆಳಕಿನ ಶೇ 66, ಹಾಗಾಗಿ ಅದರೊಳಗೆ ಅರ್ಧ ಅಲೆ ಸುಮಾರು 12 ಅಡಿ. ಆಂಟೆನಾ ಸರಿಯಾಗಿ ಹೊಂದಿದ್ದರೆ ಕೇಬಲ್ ಎಷ್ಟುದ್ದ ಇದ್ದರೂ ನಡೆಯುತ್ತದೆ. ಉದ್ದ ಬದಲಿಸಿದಾಗ, ಮುಂದೆ ಹೇಳಲಿರುವ ಎಸ್‌ಡಬ್ಲ್ಯೂಆರ್ ಮೀಟರಿನ ಓದು ಬಹಳ ಬದಲಾದರೆ, ಅದು ಬುಡದಲ್ಲಿ ಗ್ರೌಂಡ್ ಸರಿಯಿಲ್ಲ ಎನ್ನುವುದರ ಕುರುಹು. ಕಿಟ್ಟಿನಲ್ಲಿ 18 ಅಡಿ ಬಂದಿದ್ದರೆ ಕತ್ತರಿಸಬೇಕಾಗಿಲ್ಲ. ಉಳಿದದ್ದನ್ನು ಬಿಗಿಯಾದ ಬಳೆಯಂತೆ ಸುತ್ತದೆ, ಉದ್ದುದ್ದವಾಗಿ ಎಂಟರ ಆಕಾರದಲ್ಲಿ ಮಡಚಿ ಸೀಟಿನ ಹಿಂದೆ ಇಡಿ.

ರೇಡಿಯೊಗೆ ವಿದ್ಯುತ್ತನ್ನು ಸಿಗರೇಟ್ ಲೈಟರಿನ ಸಾಕೆಟ್ಟಿನಿಂದ ತೆಗೆದುಕೊಳ್ಳುವ ಬದಲು ನೇರ ಬ್ಯಾಟರಿಯಿಂದ ತರುವುದು ಒಳ್ಳೆಯದು. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ, ತಂತಿ ಎಲ್ಲಾದರೂ ಉಜ್ಜಿ ಹರಿದರೆ ಬೆಂಕಿ ತಡೆಯುವುದು ಅದೊಂದೇ.

ಶ್ರುತಿ ಮಾಡುವುದು

ಎಲ್ಲ ಕೂರಿಸಿದ ಮೇಲೆ ಮೈಕಿನ ಗುಂಡಿ ಒತ್ತಲು ಕೈ ತುರಿಸುತ್ತದೆ. ಒತ್ತಬೇಡಿ. ಶಾರ್ಟ್ ಆದ ಆಂಟೆನಾಕ್ಕೆ ಶಕ್ತಿ ಕಳಿಸಿದರೆ ರೇಡಿಯೊದ ಕೊನೆಯ ಟ್ರಾನ್ಸಿಸ್ಟರ್ ಸುಡಬಹುದು. ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ.

ಕೋಲನ್ನು ಬಿಚ್ಚಿ, ಕೇಬಲ್ಲಿನ ರೇಡಿಯೊ ತುದಿಯನ್ನೂ ಬಿಚ್ಚಿ. ಆ ತುದಿಯಲ್ಲಿರುವುದು ಪಿಎಲ್-259 ಪ್ಲಗ್ಗು. ಅದರ ನಡುಸೂಜಿಯಿಂದ ಸ್ಟಡ್ಡಿಗೆ ಅಳೆದರೆ ಸಂಪರ್ಕ ಇರಬೇಕು. ನಡುಸೂಜಿಯಿಂದ ಪ್ಲಗ್ಗಿನ ಹೊರಕವಚಕ್ಕೆ ಅಳೆದರೆ ಸಂಪರ್ಕ ಇರಲೇಬಾರದು. ಹೊರಕವಚದಿಂದ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಅಳೆದರೆ ಒಂದು ಓಮಿಗಿಂತ ಕಡಿಮೆ ಬರಬೇಕು. ಮೊದಲನೆಯದು ತಪ್ಪಿದರೆ ಕೇಬಲ್ ತುಂಡಾಗಿದೆ ಅಥವಾ ಪ್ಲಗ್ಗಿನ ಬೆಸುಗೆ ಬಿಟ್ಟಿದೆ. ಎರಡನೆಯದು ತಪ್ಪಿದರೆ ಆ ನೈಲಾನ್ ವಾಷರ್, ಇಲ್ಲವೇ ಪ್ಲಗ್ಗಿನೊಳಗೆ ದಾರಿತಪ್ಪಿದ ಜಾಲರಿಯ ಒಂದು ಎಳೆ. ಮೂರನೆಯದು ತಪ್ಪಿದರೆ ಬಣ್ಣ. ಕೋಲನ್ನು ಬಿಚ್ಚಿಯೇ ಅಳೆಯಬೇಕು ಎನ್ನುವುದಕ್ಕೆ ಕಾರಣವಿದೆ: ಬುಡದಲ್ಲಿ ಸುರುಳಿ ಇರುವ ಕೆಲವು ಆಂಟೆನಾಗಳಲ್ಲಿ ಸುರುಳಿಯ ಒಂದು ತುದಿ ಗ್ರೌಂಡಿಗೆ ಸೇರಿಸಿಯೇ ಇರುತ್ತಾರೆ. ಮಲ್ಟಿಮೀಟರಿಗೆ ಅದು ಶಾರ್ಟ್ ಎಂದು ಕಾಣುತ್ತದೆ, ರೇಡಿಯೊ ಅಲೆಗೆ ಅದು ಶಾರ್ಟ್ ಅಲ್ಲ.

ಇದಾದ ಮೇಲೆ ಎಸ್‌ಡಬ್ಲ್ಯೂಆರ್ ಮೀಟರ್. ಕೆರೆಯಲ್ಲಿ ಎದ್ದ ಅಲೆ ಕಲ್ಲಿನ ಏರಿಗೆ ಬಡಿದರೆ ವಾಪಸು ಬರುತ್ತದೆ, ಇಳಿಜಾರಿನ ದಡಕ್ಕೆ ಹೋದರೆ ಅಲ್ಲೇ ಲೀನವಾಗುತ್ತದೆ. ಕೇಬಲ್ಲಿನಲ್ಲಿ ಹೋದ ಶಕ್ತಿಯೂ ಹಾಗೆ. ಆಂಟೆನಾ ಹೊಂದದಿದ್ದರೆ ಒಂದಷ್ಟು ಹಿಂದಿರುಗುತ್ತದೆ. ಹೋದ ಅಲೆ, ಬಂದ ಅಲೆ ಸೇರಿ ಕೇಬಲ್ಲಿನಲ್ಲಿ ಉಬ್ಬುತಗ್ಗು ಮಾಡುತ್ತವೆ. ಆ ಉಬ್ಬಿಗೂ ತಗ್ಗಿಗೂ ಇರುವ ಅನುಪಾತವೇ ಎಸ್‌ಡಬ್ಲ್ಯೂಆರ್. 1.5 ಇದ್ದರೆ ಶೇ 4ರಷ್ಟು ಶಕ್ತಿ ಮಾತ್ರ ಹಿಂದಿರುಗುತ್ತದೆ. 2 ಇದ್ದರೆ ಶೇ 11, 3 ಇದ್ದರೆ ಶೇ 25. ಒಂದೂವರೆಯ ಆಸುಪಾಸು ಬಂದರೆ ನೆಮ್ಮದಿಯಾಗಿರಿ, ಎರಡರವರೆಗೂ ನಡೆಯುತ್ತದೆ. ಮೂರು ದಾಟಿದರೆ ಮಾತಾಡುವುದು ಬೇಡ.

ಅಳೆಯುವುದು ಮನೆಯ ಗ್ಯಾರೇಜಿನಲ್ಲಿ ಅಲ್ಲ, ಬಯಲಲ್ಲಿ. ಸುತ್ತ ಗೋಡೆ, ಮರ, ಬೇರೆ ಗಾಡಿ ಇರಬಾರದು. ಬಾಗಿಲು, ಬಾನೆಟ್ ಎಲ್ಲ ಮುಚ್ಚಿರಬೇಕು, ಆಂಟೆನಾ ಹತ್ತಿರ ಯಾರೂ ನಿಂತಿರಬಾರದು. ಮಾತಾಡುವಾಗ ಕೋಲನ್ನು ಮುಟ್ಟಿದರೆ ಚರ್ಮ ಸುಡಬಹುದು ಎಂಬುದೂ ನೆನಪಿರಲಿ. ರೇಡಿಯೊಗೂ ಕೇಬಲ್ಲಿಗೂ ನಡುವೆ ಮೀಟರನ್ನು ಗಿಡ್ಡ ತುಂಡು ಕೇಬಲ್ಲಿನಿಂದ ಸೇರಿಸಿ. ಖಾಲಿ ಇರುವ ಚಾನೆಲ್ಲೇ ಎಂದು ಕೇಳಿ ನೋಡಿ, ಗುಂಡಿ ಒತ್ತಿ ಮಾತಾಡದೆ ಮುಳ್ಳನ್ನು ಸೆಟ್ ಗುರುತಿಗೆ ತನ್ನಿ, ಸ್ವಿಚ್ ಬದಲಿಸಿ ಓದಿ. ಚಾನೆಲ್ ಬದಲಿಸಿದಾಗಲೆಲ್ಲ ಸೆಟ್ ಮಾಡುವುದನ್ನು ಮತ್ತೆ ಮಾಡಬೇಕು. 1, 19, 40 ಈ ಮೂರು ಚಾನೆಲ್‌ಗಳ ಓದು ಸಾಕು. 1 ಬ್ಯಾಂಡಿನ ತಳ, 40 ನೆತ್ತಿ, 19 ಲೆಕ್ಕಕ್ಕೆ ಸರಿಯಾಗಿ ನಟ್ಟನಡುವೆ.

ಇನ್ನು ಓದಿನ ಅರ್ಥ. ಕೊಳಲು ಉದ್ದವಾದಷ್ಟೂ ಸ್ವರ ತಗ್ಗುತ್ತದೆ, ಗಿಡ್ಡವಾದಷ್ಟೂ ಏರುತ್ತದೆ. ಆಂಟೆನಾದ್ದೂ ಅದೇ ಸ್ವಭಾವ. 40ರಲ್ಲಿ ಓದು ಹೆಚ್ಚು, 1ರಲ್ಲಿ ಕಡಿಮೆ ಬಂದರೆ ನಿಮ್ಮ ಕೋಲಿಗೆ ತಗ್ಗು ಸ್ವರ ಸಲೀಸು, ಏರು ಸ್ವರ ಹತ್ತುತ್ತಿಲ್ಲ ಎಂದರ್ಥ. ಕೋಲು ಉದ್ದವಾಯಿತು, ಗಿಡ್ಡ ಮಾಡಿ. 1ರಲ್ಲಿ ಹೆಚ್ಚು, 40ರಲ್ಲಿ ಕಡಿಮೆ ಇದ್ದರೆ ಗಿಡ್ಡವಾಗಿದೆ, ತುದಿಯ ತಿರುಪನ್ನು ಮೇಲೆ ತನ್ನಿ. ಎರಡು ತುದಿಯಲ್ಲೂ ಸಮನಾಗಿ ಬಂದು 19ರಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದರೆ ಶ್ರುತಿ ಸೇರಿತು. ಉಕ್ಕಿನ ಚಾಟಿಯನ್ನು ಕತ್ತರಿಸಬೇಕಾಗಿ ಬಂದರೆ ಒಂದು ಸಲಕ್ಕೆ ಕಾಲಿಂಚಿಗಿಂತ ಹೆಚ್ಚು ಬೇಡ, ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಸ್ಪ್ರಿಂಗ್ ಅಥವಾ ತಟ್ಟನೆ ಬಿಚ್ಚುವ ಜೋಡಣೆ ಹಾಕುವ ಯೋಚನೆ ಇದ್ದರೆ ಅದನ್ನು ಹಾಕಿದ ಮೇಲೆಯೇ ಶ್ರುತಿ ಮಾಡಿ. ಅವೂ ಉದ್ದಕ್ಕೆ ಸೇರುತ್ತವೆ.

ಮೂರೂ ಚಾನೆಲ್ಲಿನಲ್ಲಿ ಮುಳ್ಳು ಕೆಂಪಿನಲ್ಲೇ ನಿಂತರೆ ಉದ್ದ ಮುಟ್ಟಬೇಡಿ. ಅದು ಶ್ರುತಿಯ ತೊಂದರೆಯಲ್ಲ. ಮಲ್ಟಿಮೀಟರಿನ ಮೂರು ಅಳತೆಗಳಿಗೆ ವಾಪಸು ಹೋಗಿ.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಬಹಳ ಜನ ತಪ್ಪಾಗಿ ಹಿಡಿಯುತ್ತಾರೆ. ಎಸ್‌ಡಬ್ಲ್ಯೂಆರ್ ಕಡಿಮೆ ಅಂದಕೂಡಲೇ ಆಂಟೆನಾ ಒಳ್ಳೆಯದು ಎಂದಲ್ಲ. ಪರೀಕ್ಷೆಗೆ ಬಳಸುವ 50 ಓಮಿನ ಡಮ್ಮಿ ಲೋಡ್‌ ಕೂಡ ಸೊಗಸಾಗಿ 1 ತೋರಿಸುತ್ತದೆ, ಹೊರಗೆ ಮಾತ್ರ ಏನನ್ನೂ ಕಳಿಸುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ಗಿಡ್ಡ ಕೋಲಿನ ವಿಕಿರಣ ಪ್ರತಿರೋಧ, ಅಂದರೆ ಶಕ್ತಿ ಅಲೆಯಾಗಿ ಹೊರಗೆ ಹೋಗುವುದನ್ನು ಲೆಕ್ಕ ಹಾಕುವ ಪ್ರತಿರೋಧ, ಕೆಲವೇ ಓಮು. ಕೆಟ್ಟ ಗ್ರೌಂಡಿನ ನಷ್ಟ ಅದಕ್ಕೆ ಕೂಡಿಕೊಂಡು ಮೊತ್ತ 50ರ ಹತ್ತಿರ ಬಂದರೆ ಮೀಟರ್ ಖುಷಿಯಾಗಿ ತಲೆಯಾಡಿಸುತ್ತದೆ. ಹೀಗಾಗಿ ಬೆಡ್ಡಿಗೂ ಚಾಸಿಗೂ ಪಟ್ಟಿ ಬಿಗಿದು ಗ್ರೌಂಡ್ ಸುಧಾರಿಸಿದ ಮೇಲೆ ಓದು 1.2ರಿಂದ 1.5ಕ್ಕೆ ಏರಿದರೆ ಗಾಬರಿಯಾಗಿ ಪಟ್ಟಿ ಬಿಚ್ಚಬೇಡಿ. ಇನ್ನೊಂದು ಗಾಡಿ ಎರಡು ಮೈಲಿ ದೂರ ನಿಂತು ಹೇಗೆ ಕೇಳಿಸುತ್ತಿದೆ ಎಂದು ಹೇಳುವ ಮಾತೇ ಕೊನೆಯ ಪ್ರಮಾಣ.

ಲಕ್ಷಣ ನೋಡಿ ರೋಗ ಹಿಡಿಯುವುದು

ನಿನ್ನೆಯವರೆಗೆ ಸರಿಯಿದ್ದು ಮಳೆ ಬಂದ ಮರುದಿನ ಓದು ಏರಿದರೆ ನೀರು ಕೇಬಲ್ಲಿನೊಳಗೆ ಸೇರಿದೆ. ಜಾಲರಿ ಬತ್ತಿಯಂತೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತುದಿಯಿಂದ ಒಂದಡಿ ಕತ್ತರಿಸಿ ನೋಡಿ, ತಾಮ್ರ ಕಪ್ಪಾಗಿದ್ದರೆ ಒಣಗಿಸುವ ಪ್ರಯತ್ನ ಬೇಡ, ಹೊಸ ಕೇಬಲ್ ಹಾಕಿ. ಬಾಗಿಲು ತೆಗೆದು ಹಾಕಿದಾಗ, ಗಾಡಿ ಹಳ್ಳಕ್ಕೆ ಇಳಿದಾಗ ಮುಳ್ಳು ನೆಗೆದರೆ ಎಲ್ಲೋ ಸಂಪರ್ಕ ಸಡಿಲ. ಒಬ್ಬರು ಗುಂಡಿ ಒತ್ತಿ ಹಿಡಿದು, ಇನ್ನೊಬ್ಬರು ಕೇಬಲ್ಲನ್ನು ಗೇಣುಗೇಣಾಗಿ ಅಲುಗಾಡಿಸುತ್ತ ಬಂದರೆ ಜಾಗ ಸಿಗುತ್ತದೆ. ರೇಡಿಯೊದ ಮೈ ಮುಟ್ಟಿದಾಗ ಅಥವಾ ಕೇಬಲ್ ಸರಿಸಿದಾಗ ಓದು ಬದಲಾದರೆ ಗ್ರೌಂಡ್ ಸಿಗದೆ ಕೇಬಲ್ಲಿನ ಹೊರಮೈಯೇ ಆಂಟೆನಾದ ಇನ್ನೊಂದು ಅರ್ಧದ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಗೊರಗೊರ ಸದ್ದಿನದು ಬೇರೆ ಕಥೆ. ಎಂಜಿನ್ ಓಡುತ್ತಿರುವಾಗ ಸದ್ದು ಬರುತ್ತಿದ್ದರೆ ರೇಡಿಯೊದ ಹಿಂದಿನಿಂದ ಆಂಟೆನಾ ಕೇಬಲ್ ಕಿತ್ತು ಕೇಳಿ, ಗುಂಡಿ ಮಾತ್ರ ಒತ್ತಬೇಡಿ. ಸದ್ದು ಹಾಗೇ ಉಳಿದರೆ ಅದು ವಿದ್ಯುತ್ ತಂತಿಯಿಂದ ಬರುತ್ತಿದೆ. ಆಕ್ಸಿಲರೇಟರ್ ಒತ್ತಿದಂತೆ ಸಿಳ್ಳೆಯಂತೆ ಏರುವುದು ಆಲ್ಟರ್ನೇಟರಿನ ಸದ್ದು. ಸದ್ದು ನಿಂತರೆ ಅದು ಗಾಳಿಯಿಂದ ಆಂಟೆನಾಕ್ಕೆ ಬರುತ್ತಿದೆ. ಟಿಕಟಿಕ ಎಂದು ಎಂಜಿನ್ ವೇಗಕ್ಕೆ ತಕ್ಕಂತೆ ಹೊಡೆದುಕೊಳ್ಳುವುದು ಸ್ಪಾರ್ಕ್ ಪ್ಲಗ್ಗಿನದು. ಈಗಿನ ಗಾಡಿಗಳಲ್ಲಿ ನಾನು ಹೆಚ್ಚಾಗಿ ಕಂಡ ಕಳ್ಳರೆಂದರೆ ಅಗ್ಗದ ಯುಎಸ್‌ಬಿ ಚಾರ್ಜರ್ ಮತ್ತು ಆಮೇಲೆ ಹಾಕಿಸಿದ ಎಲ್‌ಇಡಿ ದೀಪದ ಪಟ್ಟಿ. ಒಂದೊಂದಾಗಿ ಕಿತ್ತು ನೋಡುವುದೇ ದಾರಿ. ಕಿತ್ತರೆ ಸದ್ದು ನಿಲ್ಲುವ ತಂತಿಗೆ ಫೆರೈಟ್ ಗುಂಡು (ತಂತಿಯಲ್ಲಿ ಹರಿಯುವ ಗೊರಗೊರವನ್ನು ತಡೆಯುವ ಕಾಂತೀಯ ಮಣಿ) ಸಿಕ್ಕಿಸಿದರೆ ಬಹಳ ಸಲ ತಗ್ಗುತ್ತದೆ. ಹೊಗೆ ಕೊಳವೆಯನ್ನೂ ಚಾಸಿಗೆ ಪಟ್ಟಿಯಿಂದ ಬಿಗಿದರೆ ಒಳ್ಳೆಯದು. ಉದ್ದನೆಯ ಲೋಹದ ಕೊಳವೆ ರಬ್ಬರಿನಲ್ಲಿ ನೇತಾಡುತ್ತ ತಾನೇ ಒಂದು ಆಂಟೆನಾ ಆಗಿರುತ್ತದೆ.

ಹತ್ತಿರದವರು ಕೇಳಿಸದೆ, ದೂರದ ರಾಜ್ಯಗಳ ದನಿ ಮೇಲೆ ಮೇಲೆ ಬಂದು 19ನೇ ಚಾನೆಲ್ ಸಂತೆಯಾಗಿದ್ದರೆ ನಿಮ್ಮ ಆಂಟೆನಾದಲ್ಲಿ ತಪ್ಪು ಹುಡುಕಬೇಡಿ. ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ಬಡಿದು ನೂರಾರು ಮೈಲಿ ಹಾರಿಬರುವ ಅಲೆಗಳವು. ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಹಗಲು ಹೊತ್ತು ಇದು ಸಾಮಾನ್ಯ. 2021ರಿಂದ ಸಿಬಿಯಲ್ಲಿ ಎಫ್‌ಎಮ್‌ಗೂ ಅನುಮತಿ ಸಿಕ್ಕಿದೆ. ನಿಮ್ಮ ಬಳಗದ ಎಲ್ಲರ ರೇಡಿಯೊದಲ್ಲೂ ಅದಿದ್ದರೆ 19 ಬಿಟ್ಟು ಬೇರೆ ಖಾಲಿ ಚಾನೆಲ್ಲಿಗೆ ಹೋಗಿ ಎಫ್‌ಎಮ್‌ನಲ್ಲಿ ಮಾತಾಡಿ, ಹತ್ತಿರದ ದನಿ ಎಷ್ಟು ಶುಭ್ರವಾಗಿ ಕೇಳುತ್ತದೆ ನೋಡಿ.

ಗೆಳೆಯನ ಎಫ್-150ಕ್ಕೆ ಕೊನೆಗೆ ಬಾನೆಟ್ ಪಕ್ಕದ ಬ್ರ್ಯಾಕೆಟ್ ಕೂರಿಸಿದೆವು. ಚುಕ್ಕಿಯಷ್ಟು ಬಣ್ಣ ಉಜ್ಜಿ, ತವರ ಲೇಪಿಸಿದ ಪಟ್ಟಿಯೊಂದನ್ನು ಬಾನೆಟ್ಟಿನಿಂದ ಮೈಗೆ ಬಿಗಿದು, ನಾಲ್ಕಡಿಯ ಕೋಲು ನಿಲ್ಲಿಸಿ, ಚರ್ಚೊಂದರ ಖಾಲಿ ಪಾರ್ಕಿಂಗ್ ಬಯಲಿಗೆ ಹೋಗಿ ಅಳೆದೆವು: 1ರಲ್ಲಿ 1.7, 19ರಲ್ಲಿ 1.3, 40ರಲ್ಲಿ 1.8. ಆ ಮೂರು ಅಂಕಿಗಳನ್ನೂ ತಾರೀಖನ್ನೂ ಟೇಪಿನ ತುಂಡಿನ ಮೇಲೆ ಬರೆದು ಸನ್‌ವೈಸರಿನ ಹಿಂದೆ ಅಂಟಿಸಿದ್ದಾನೆ. ಎಣ್ಣೆ ಬದಲಿಸುವಾಗಲೆಲ್ಲ ಮತ್ತೆ ಅಳೆದು ಅದರ ಪಕ್ಕದಲ್ಲಿ ಬರೆಯುತ್ತಾನೆ.